ಕಣ್ಣಿನ ಗಾಜನ್ನು ಅಳೆಯುವ ಬಗೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಲಿಂಗರಾಜಪುರ)

ಪಂಚೇಂದ್ರಿಯಗಳಲ್ಲಿ ಕಣ್ಣಿಗೇ ಮೊದಲ ಮಣೆ. ಕವಿಗಳು ಅದನ್ನು ಕಮಲಕ್ಕೂ ಮೀನಿಗೂ ಹೋಲಿಸಿ ತಣಿದಿದ್ದಾರೆ. ಬೆಲೆಯುಳ್ಳ ವಸ್ತು ಯಾವುದಿದ್ದರೂ ಅದನ್ನು ಕಣ್ಣಿನಂತೆ ಕಾಪಾಡಬೇಕೆಂದು ಹಿರಿಯರು ಹೇಳುತ್ತಾರೆ. ರೈತನಿಗೆ ತನ್ನ ಹೊಲದ ಎಕರೆ ಗುಂಟೆಗಳ ಲೆಕ್ಕ ಬಾಯಿಪಾಠವಾಗಿರುತ್ತದೆ. ದರ್ಜಿಗೆ ಅಂಗಿಯ ಅಳತೆ ಗೊತ್ತು. ಅಕ್ಕಸಾಲಿಗನಿಗೆ ಗುಲಗಂಜಿ ತೂಕದ ಚಿನ್ನವೂ ಗೊತ್ತು. ಆದರೆ ಅಷ್ಟು ಜೋಪಾನವಾಗಿ ಕಾಯಬೇಕಾದ ಕಣ್ಣಿನ ಅಳತೆ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಕಣ್ಣಿನ ಮುಂದಿರುವ ಆ ಪಾರದರ್ಶಕವಾದ ಗಾಜು ಎಷ್ಟು ಬಾಗಿದೆ, ಎಷ್ಟು ದಪ್ಪವಾಗಿದೆ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗಬೇಕಾಗುತ್ತದೆ. ಈ ಅಳತೆಯನ್ನು ಮನುಷ್ಯನು ಹೇಗೆ ಕಂಡುಕೊಂಡನು, ಅದರಿಂದ ಆಗುವ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇತಿಹಾಸ, ಭೂಗೋಳ, ಕನ್ನಡಗಳನ್ನು ಓದುವ ಬಿ.ಎ. ತರಗತಿಯವಳಿಗೆ ಈ ವಿಜ್ಞಾನದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕಾರಣ ಎರಡು. ಮೊದಲನೆಯದು ನಮ್ಮ ಮನೆಯದು. ಅದನ್ನು ಮುಂದೆ ಹೇಳುತ್ತೇನೆ. ಎರಡನೆಯದು, ಈ ವಿಷಯವನ್ನು ಓದುತ್ತ ಹೋದಂತೆ ಅದು ನನ್ನ ಭೂಗೋಳದ ಪಾಠಕ್ಕೆ ಬಹಳ ಹತ್ತಿರವಾಗಿ ಕಂಡಿತು. ಭೂಮಿಯ ಆಕಾರವನ್ನು ಅಳೆದವರ ಉಪಾಯಗಳಿಗೂ ಕಣ್ಣಿನ ಆಕಾರವನ್ನು ಅಳೆದವರ ಉಪಾಯಗಳಿಗೂ ನಂಟಿದೆ. ಆ ನಂಟಿನ ಒಂದು ಎಳೆ ನಮ್ಮ ಲಿಂಗರಾಜಪುರದಿಂದ ಮುಂದಕ್ಕೆ ಹೋಗುವ ಹೆಣ್ಣೂರು ರಸ್ತೆಯ ಬದಿಯಲ್ಲಿಯೇ ಸಿಕ್ಕುತ್ತದೆ.

ಮೊದಲು ಈ ಗಾಜಿನ ಪರಿಚಯವಾಗಲಿ. ವೈದ್ಯರು ಇದನ್ನು ಕಾರ್ನಿಯ ಎನ್ನುತ್ತಾರೆ. ಕಣ್ಣಿನ ಕರಿಯ ಭಾಗದ ಮೇಲೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪಟಲವೇ ಇದು. ಇದರ ಅಗಲ ಸುಮಾರು ೧೧ರಿಂದ ೧೨ ಮಿಲಿಮೀಟರು. ನಡುವಿನಲ್ಲಿ ದಪ್ಪ ಸುಮಾರು ಅರ್ಧ ಮಿಲಿಮೀಟರು. ಇನ್ನೂ ಸರಿಯಾಗಿ ಹೇಳಬೇಕಾದರೆ ಸರಾಸರಿ ೫೪೦ ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ನೋಟ್ ಪುಸ್ತಕದ ಐದಾರು ಹಾಳೆಗಳನ್ನು ಒತ್ತಿ ಹಿಡಿದರೆ ಎಷ್ಟು ದಪ್ಪವಾಗುವುದೋ ಅಷ್ಟು ಎನ್ನಬಹುದು. ಅಂಚಿನ ಕಡೆಗೆ ಹೋದಂತೆ ದಪ್ಪ ಹೆಚ್ಚುತ್ತದೆ. ಇದರಲ್ಲಿ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕದಲ್ಲಿ ಹೆಚ್ಚಿನ ಪಾಲನ್ನು ಕಣ್ಣೀರಿನ ಮೂಲಕ ಹೊರಗಿನ ಗಾಳಿಯಿಂದಲೇ ಪಡೆಯುತ್ತದೆ. ಒಳಮೈಯಲ್ಲಿ ಒಂದೇ ಸಾಲಿನ ಜೀವಕೋಶಗಳಿದ್ದು, ಒಳನುಗ್ಗುವ ನೀರನ್ನು ಹಗಲಿರುಳೂ ಹೊರಕ್ಕೆ ಎತ್ತಿಹಾಕುತ್ತಿರುತ್ತವೆ. ಅವು ಸೋತರೆ ಕಾರ್ನಿಯ ನೀರು ಕುಡಿದು ಊದಿಕೊಂಡು ಮಂಕಾಗುತ್ತದೆ.

ಕಣ್ಣಿನೊಳಗೆ ಒಂದು ಮಸೂರವಿದೆಯೆಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬೆಳಕನ್ನು ಬಾಗಿಸುವ ಕೆಲಸವೆಲ್ಲ ಅದರದೇ ಎಂದು ತಿಳಿಯುವವರುಂಟು. ನಿಜವಾಗಿ ಕಣ್ಣಿನ ಒಟ್ಟು ಶಕ್ತಿ ಸುಮಾರು ೬೦ ಡಯಾಪ್ಟರು ಎಂದಿಟ್ಟುಕೊಂಡರೆ, ಅದರಲ್ಲಿ ಸುಮಾರು ೪೩ ಕಾರ್ನಿಯದ ಪಾಲು. ಎಂದರೆ ಮೂರರಲ್ಲಿ ಎರಡು ಭಾಗ. ಆದುದರಿಂದ ಈ ಗಾಜಿನ ಬಾಗು ಕೂದಲೆಳೆಯಷ್ಟು ತಪ್ಪಿದರೂ ನೋಟ ಕೆಡುತ್ತದೆ. ಚೆಂಡಿನ ಮೈಯಂತೆ ಎಲ್ಲ ಕಡೆಗೂ ಒಂದೇ ಸಮನಾಗಿ ಬಾಗದೆ, ಚಮಚದ ಬೆನ್ನಿನಂತೆ ಉದ್ದಕ್ಕೆ ಒಂದು ರೀತಿ, ಅಡ್ಡಕ್ಕೆ ಇನ್ನೊಂದು ರೀತಿ ಬಾಗಿದ್ದರೆ ಅದಕ್ಕೆ ಅಸ್ಟಿಗ್ಮ್ಯಾಟಿಸಂ ಎಂದು ಹೆಸರು. ಕನ್ನಡಕದ ಚೀಟಿಯಲ್ಲಿ ‘ಸಿಲಿಂಡರ್’ ಎಂದು ಬರೆದಿರುವುದು ಇದಕ್ಕಾಗಿಯೇ.

ಈಗ ನಮ್ಮ ಮನೆಯ ಸಂಗತಿ. ನನ್ನ ತಮ್ಮನಿಗೆ ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದಾಗ ಕರಿಹಲಗೆ ಮಸಕಾಯಿತು. ಶಿವಾಜಿನಗರದ ಒಂದು ಅಂಗಡಿಯಲ್ಲಿ ಕನ್ನಡಕ ಮಾಡಿಸಿದೆವು. ಆರೇಳು ತಿಂಗಳಲ್ಲಿ ಅದು ಸಾಲದಾಯಿತು, ನಂಬರು ಬದಲಾಯಿಸಿದರು. ಮತ್ತೆ ಸಾಲದಾಯಿತು, ಮತ್ತೆ ಬದಲಾಯಿಸಿದರು. ಎರಡು ವರ್ಷದಲ್ಲಿ ಮೂರು ಕನ್ನಡಕಗಳಾದವು. ಪ್ರತಿಸಲವೂ ಗಾಜು ಬದಲಾಯಿತೇ ಹೊರತು, ಗಾಜಿನ ಹಿಂದಿರುವ ಗಾಜು ಏಕೆ ಬದಲಾಗುತ್ತಿದೆ ಎಂದು ಯಾರೂ ಅಳೆದು ನೋಡಲಿಲ್ಲ. ರಾತ್ರಿ ಬೀದಿಯ ದೀಪಕ್ಕೆ ಬಾಲ ಬಂದಂತೆ ಕಾಣುತ್ತದೆ, ಒಂದು ಚಂದ್ರ ಮೂರಾಗಿ ಕಾಣುತ್ತಾನೆ ಎಂದು ಅವನು ಹೇಳಿದ ಮೇಲೆ ಅಪ್ಪ ಕೆಲಸ ಬಿಟ್ಟು ಅವನನ್ನು ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೊರಟರು. ಚೀಟಿಗಳನ್ನು ಓದುವುದಕ್ಕೆ ಮನೆಯಲ್ಲಿ ನಾನೊಬ್ಬಳೇ ಇದ್ದುದರಿಂದ ನಾನೂ ಜೊತೆಗೆ ಹೋದೆ.

ಅಲ್ಲಿ ಅವನ ಗದ್ದವನ್ನು ಒಂದು ಆಸರೆಯ ಮೇಲೆ ಇರಿಸಿ, ಒಂದು ಪೆಟ್ಟಿಗೆಯೊಳಕ್ಕೆ ನೋಡಲು ಹೇಳಿದರು. ಕ್ಷಣಮಾತ್ರ. "ಅಕ್ಕ, ಒಂದು ನೀಲಿ ಗೆರೆ ಗಿರ್ರನೆ ತಿರುಗಿತು, ಅಷ್ಟೆ" ಎಂದನು. ಸ್ವಲ್ಪ ಹೊತ್ತಿಗೆ ವೈದ್ಯೆಯ ಮುಂದೆ ಬಣ್ಣಬಣ್ಣದ ಒಂದು ನಕ್ಷೆ ಬಂದಿತು. ಮೇಲೆ ಹಸಿರು, ನೀಲಿ. ನಡುವಿನಿಂದ ಸ್ವಲ್ಪ ಕೆಳಗೆ ಕೆಂಪಗೆ ಒಂದು ಕಲೆ.

"ನೋಡಮ್ಮ, ಈ ಕೆಂಪಗಿರುವ ಕಡೆ ಕಣ್ಣಿನ ಗಾಜು ತೆಳುವಾಗಿ ಮುಂದಕ್ಕೆ ಉಬ್ಬುತ್ತಿದೆ. ಕೆರಟೋಕೋನಸ್ ಅಂತೀವಿ" ಎಂದು ಆಕೆ ಹೇಳಿದರು.

ಅಪ್ಪ ಗಾರೆ ಕೆಲಸದವರು. ನಕ್ಷೆಯನ್ನು ಬಹಳ ಹೊತ್ತು ನೋಡಿ, "ತಾರಸಿ ತೆಳುವಾದ ಕಡೆ ಜಗ್ಗೋ ಹಾಗೇ ತಾನೇ ಡಾಕ್ಟ್ರಮ್ಮ, ಇದು?" ಎಂದರು.

"ಸರಿಯಾಗಿ ಹೇಳಿದ್ರಿ ಯಜಮಾನ್ರೇ. ತಾರಸಿ ಭಾರಕ್ಕೆ ಕೆಳಕ್ಕೆ ಜಗ್ಗತ್ತೆ, ಇದು ಒಳಗಿನ ಒತ್ತಡಕ್ಕೆ ಹೊರಕ್ಕೆ ಉಬ್ಬತ್ತೆ" ಎಂದು ವೈದ್ಯೆ ಒಪ್ಪಿದರು. ರಸಮಟ್ಟವನ್ನೂ ತೂಗುಗುಂಡನ್ನೂ ಹಿಡಿದು ಬದುಕಿದ ಅಪ್ಪನಿಗೆ ಆ ನಕ್ಷೆ ಒಂದೇ ನೋಟಕ್ಕೆ ಅರ್ಥವಾಯಿತು. ನನಗೆ ಆಗಲಿಲ್ಲ. ಆ ನೀಲಿ ಗೆರೆ ಅರ್ಧ ಮಿಲಿಮೀಟರಿನ ಗಾಜನ್ನು ಮುಟ್ಟದೆಯೇ ಅಳೆದುದು ಹೇಗೆ ಎಂದು ತಿಳಿಯಬೇಕೆನ್ನಿಸಿ ಓದತೊಡಗಿದೆನು. ಓದಿ ತಿಳಿದುದನ್ನು ಮುಂದೆ ಹೇಳುತ್ತೇನೆ.

ಕಾರ್ನಿಯವನ್ನು ಅಳೆಯುವ ಮೊದಲ ಉಪಾಯ ಬಹಳ ಸರಳವಾದುದು. ಬೆಳಗಿದ ಚೊಂಬಿನ ಹೊಟ್ಟೆಯಲ್ಲಿ ನಮ್ಮ ಮುಖ ಚಿಕ್ಕದಾಗಿ ಕಾಣುವುದನ್ನು ಎಲ್ಲರೂ ನೋಡಿದ್ದೇವೆ. ಚೊಂಬು ದೊಡ್ಡದಾದರೆ ಪ್ರತಿಬಿಂಬವೂ ದೊಡ್ಡದು. ಚಿಕ್ಕ ಬಟ್ಟಲಾದರೆ ಪ್ರತಿಬಿಂಬವೂ ಚಿಕ್ಕದು. ಎಂದರೆ ಪೀನ ದರ್ಪಣದ ಬಾಗು ಹೆಚ್ಚಾದಷ್ಟೂ ಬಿಂಬ ಕಿರಿದಾಗುತ್ತದೆ. ಕಾರ್ನಿಯವೂ ಒಂದು ಪೀನ ದರ್ಪಣವೇ. ಎದುರಿಗಿರುವವರ ಕಣ್ಣಿನಲ್ಲಿ ಕಿಟಕಿಯ ಬಿಂಬ ಮಿನುಗುವುದನ್ನು ಯಾರು ಬೇಕಾದರೂ ಕಾಣಬಹುದು. ಕ್ರಿ. ಶ. ೧೬೧೯ರಲ್ಲಿ ಕ್ರಿಸ್ಟೋಫ್ ಶೈನರ್ ಎಂಬ ಜೆಸ್ಯೂಟ್ ಪಾದ್ರಿಯು ಇದನ್ನೇ ಉಪಯೋಗಿಸಿಕೊಂಡನು. ಗೊತ್ತಾದ ಅಳತೆಯ ಗಾಜಿನ ಗೋಲಿಗಳನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು, ಯಾವ ಗೋಲಿಯಲ್ಲಿ ಕಿಟಕಿಯ ಬಿಂಬ ಕಣ್ಣಿನಲ್ಲಿರುವಷ್ಟೇ ದೊಡ್ಡದಾಗಿ ಕಾಣುವುದೋ ಆ ಗೋಲಿಯ ಬಾಗೇ ಕಣ್ಣಿನ ಬಾಗು ಎಂದು ತೀರ್ಮಾನಿಸಿದನು. ಗೋಲಿಗಳಿಂದ ಆರಂಭವಾದ ಶಾಸ್ತ್ರವಿದು!

ಇದನ್ನು ಅಂಕಿಗಳಲ್ಲಿ ನೋಡೋಣ. ಸಾಮಾನ್ಯವಾದ ಕಾರ್ನಿಯದ ಮುಂಮೈಯ ತ್ರಿಜ್ಯ ಸುಮಾರು ೭.೮ ಮಿಲಿಮೀಟರು. ೬೦ ಮಿಲಿಮೀಟರು ಎತ್ತರದ ದೀಪವೊಂದನ್ನು ೧೫೦ ಮಿಲಿಮೀಟರು ದೂರದಲ್ಲಿ ಇಟ್ಟರೆ, ಕಾರ್ನಿಯದಲ್ಲಿ ಅದರ ಬಿಂಬ ಸುಮಾರು ೧.೫೨ ಮಿಲಿಮೀಟರು ಆಗುತ್ತದೆ. ತ್ರಿಜ್ಯ ೭.೫ ಇದ್ದರೆ ಬಿಂಬ ೧.೪೬. ವ್ಯತ್ಯಾಸ ಬರಿಯ ೦.೦೬ ಮಿಲಿಮೀಟರು. ಆದರೆ ಶಕ್ತಿಯ ಲೆಕ್ಕ ಹಾಕಿದರೆ (೩೩೭.೫ನ್ನು ತ್ರಿಜ್ಯದಿಂದ ಭಾಗಿಸುವುದು ವೈದ್ಯರ ರೂಢಿ) ಮೊದಲನೆಯದು ಸುಮಾರು ೪೩.೩ ಡಯಾಪ್ಟರು, ಎರಡನೆಯದು ೪೫. ಕೂದಲಿನ ದಪ್ಪದಷ್ಟು ಬಿಂಬ ಹೆಚ್ಚುಕಡಮೆಯಾದರೆ ಕನ್ನಡಕದಲ್ಲಿ ಒಂದೂಮುಕ್ಕಾಲು ನಂಬರು ಹೆಚ್ಚುಕಡಮೆಯಾಗುತ್ತದೆ ಎಂದಾಯಿತು. ಅಳತೆ ಎಷ್ಟು ಸೂಕ್ಷ್ಮವಾಗಿರಬೇಕೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿಯೇ ದೊಡ್ಡ ತೊಡಕು. ಬದುಕಿರುವ ಕಣ್ಣು ಒಂದು ಕ್ಷಣವೂ ಅಲುಗದೆ ನಿಲ್ಲುವುದಿಲ್ಲ. ಓಡಾಡುವ ಬಿಂಬಕ್ಕೆ ಅಳತೆಕೋಲು ಹಿಡಿಯುವುದು ಹೇಗೆ? ಉಪಾಯವನ್ನು ಮೊದಲು ತೋರಿಸಿದವನು ಲಂಡನ್ನಿನ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್. ಕಾಲ ೧೭೯೬ರ ಸುಮಾರು. ಬಿಂಬವನ್ನು ಗಾಜಿನ ಉಪಕರಣದಿಂದ ಎರಡಾಗಿ ಮಾಡಿ, ಒಂದರ ಅಂಚು ಇನ್ನೊಂದರ ಅಂಚಿಗೆ ತಾಗುವಂತೆ ಹೊಂದಿಸುವುದೇ ಆ ಉಪಾಯ. ಶಿವಾಜಿನಗರದ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಇಬ್ಬರನ್ನು ನೆನೆಸಿಕೊಳ್ಳಿ. ಬಸ್ಸು ಎಷ್ಟೇ ಕುಲುಕಿದರೂ ಅವರಿಬ್ಬರ ನಡುವಣ ಅಂತರ ಬದಲಾಗುವುದಿಲ್ಲ. ಹಾಗೆಯೇ ಕಣ್ಣು ಅಲುಗಿದರೆ ಎರಡು ಬಿಂಬಗಳೂ ಒಟ್ಟಿಗೇ ಅಲುಗುತ್ತವೆ. ತಾಗಿದ ಅಂಚು ತಾಗಿದಂತೆಯೇ ಇರುತ್ತದೆ. ತಾಗಿಸುವುದಕ್ಕೆ ಎಷ್ಟು ಸರಿಸಬೇಕಾಯಿತೋ ಅದೇ ಬಿಂಬದ ಗಾತ್ರ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ೧೮೫೦ರ ದಶಕದಲ್ಲಿ ಇದೇ ತತ್ತ್ವದ ಮೇಲೆ ಬಹು ನಿಖರವಾದ ಯಂತ್ರವನ್ನು ಮಾಡಿದನು. ಅದು ಪ್ರಯೋಗಶಾಲೆಗೆ ತಕ್ಕದ್ದಾಗಿತ್ತು. ೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ಜವಾಲ್ ಮತ್ತು ಶ್ಯೋಟ್ಸ್ ಎಂಬಿಬ್ಬರು ಅದನ್ನು ವೈದ್ಯರ ಮೇಜಿನ ಮೇಲೆ ಇಡಬಹುದಾದ ಉಪಕರಣವಾಗಿ ಮಾರ್ಪಡಿಸಿದರು. ಈಗಲೂ ಕಣ್ಣಾಸ್ಪತ್ರೆಗಳಲ್ಲಿ ಕಾಣುವ ಕೆರಟೋಮೀಟರು ಆ ವಂಶದ್ದೇ.

ರಾಮ್ಸ್‌ಡೆನ್ನನ ಹೆಸರು ನನಗೆ ಹೊಸದಾಗಿರಲಿಲ್ಲ. ಭೂಗೋಳದ ಪಾಠದಲ್ಲಿ ವಿಲಿಯಂ ಲ್ಯಾಂಬ್ಟನ್ನನ ವಿಷಯ ಓದಿದ್ದೆನು. ಭಾರತದ ಭೂಮಿಯನ್ನು ತ್ರಿಕೋನಗಳಿಂದ ಅಳೆಯಲು ಹೊರಟ ಆತ ೧೮೦೦ರಲ್ಲಿ ನಮ್ಮ ಬೆಂಗಳೂರಿನ ಸಮೀಪದಲ್ಲಿಯೇ ಒಂದು ಆಧಾರರೇಖೆಯನ್ನು ಅಳೆದನು. ಅವನ ಬಳಿಯಿದ್ದ ಉಪಕರಣಗಳಲ್ಲಿ ನಕ್ಷತ್ರಗಳ ಎತ್ತರವನ್ನು ನೋಡುವ ಯಂತ್ರವೊಂದು ಇದೇ ರಾಮ್ಸ್‌ಡೆನ್ ತಯಾರಿಸಿದ್ದು. ಮುಂದೆ ೧೮೬೮ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಮತ್ತೆ ಅಳೆದಾಗ ಅದರ ಒಂದು ತುದಿ ಇಂದಿನ ಮೇಖ್ರಿ ವೃತ್ತದಲ್ಲಿ, ಇನ್ನೊಂದು ತುದಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಇದ್ದವು. ಕಣ್ಣೂರಿನ ಆ ಚಿಕ್ಕ ವೀಕ್ಷಣಾಲಯ ೨೦೨೪ರಲ್ಲಿ ನೆಲಸಮವಾಯಿತು. ಭೂಮಿ ಎಲ್ಲಿ ಎಷ್ಟು ಬಾಗಿದೆ ಎಂದು ತಿಳಿಯುವುದೂ ಆ ಸರ್ವೆಯ ಉದ್ದೇಶಗಳಲ್ಲಿ ಒಂದು. ಒಬ್ಬನೇ ಕುಶಲಿಯ ಕೈ ಭೂಮಿಯ ಬಾಗಿಗೂ ಕಣ್ಣಿನ ಬಾಗಿಗೂ ಉಪಕರಣ ಒದಗಿಸಿತೆಂಬುದು ಸೋಜಿಗದ ಸಂಗತಿಯಲ್ಲವೇ?

ಕೆರಟೋಮೀಟರಿಗೆ ಒಂದು ಮಿತಿಯಿದೆ. ಅದು ಕಾರ್ನಿಯದ ನಡುವೆ ಸುಮಾರು ೩ ಮಿಲಿಮೀಟರು ಅಗಲದ ವಲಯದಲ್ಲಿ ಕೆಲವು ಬಿಂದುಗಳನ್ನು ಮಾತ್ರ ಅಳೆಯುತ್ತದೆ. ನಾಲ್ಕು ಗೂಟ ನೆಟ್ಟು ಹೊಲವೆಲ್ಲ ಸಮತಟ್ಟು ಎಂದ ಹಾಗೆ. ಉಬ್ಬು ಕೆಳಗಡೆ ಇದ್ದರೆ ಅದರ ಕಣ್ಣು ತಪ್ಪಿಸಬಹುದು. ಈ ಕೊರತೆಯನ್ನು ತುಂಬಿದ್ದು ೧೮೮೦ರಲ್ಲಿ ಪೋರ್ಚುಗಲ್ಲಿನ ಆಂಟೋನಿಯೋ ಪ್ಲಾಸಿಡೋ ತಂದ ಒಂದು ತಟ್ಟೆ. ಕಪ್ಪು ಬಿಳುಪು ಬಳೆಗಳನ್ನು ಒಂದರೊಳಗೊಂದು ಬರೆದ ವರ್ತುಲಾಕಾರದ ತಟ್ಟೆ. ನಡುವೆ ಇಣುಕಿ ನೋಡಲು ಒಂದು ರಂಧ್ರ. ರೋಗಿಯ ಮುಂದೆ ಹಿಡಿದರೆ ಬಳೆಗಳೆಲ್ಲ ಕಾರ್ನಿಯದಲ್ಲಿ ಪ್ರತಿಫಲಿಸುತ್ತವೆ. ಮೈ ಸಮನಾಗಿದ್ದರೆ ಬಳೆಗಳು ದುಂಡಗೆ. ಅಸ್ಟಿಗ್ಮ್ಯಾಟಿಸಂ ಇದ್ದರೆ ಮೊಟ್ಟೆಯಾಕಾರ. ಬಾಗು ಹೆಚ್ಚಾದ ಕಡೆ ಬಳೆಗಳು ಒತ್ತೊತ್ತಾಗುತ್ತವೆ, ಬಾಗು ಕಡಮೆಯಾದ ಕಡೆ ದೂರ ಸರಿಯುತ್ತವೆ. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ೧೮೯೬ರಲ್ಲಿ ಈ ಬಿಂಬದ ಛಾಯಾಚಿತ್ರ ತೆಗೆದು ಅಳೆದು ಲೆಕ್ಕ ಹಾಕುವ ಮಾರ್ಗ ತೋರಿಸಿದನು. ಕಣ್ಣಿನ ಬೆಳಕಿನ ಶಾಸ್ತ್ರಕ್ಕಾಗಿಯೇ ಆತನಿಗೆ ೧೯೧೧ರ ನೊಬೆಲ್ ಪಾರಿತೋಷಕ ದೊರಕಿತು.

ನಂದಿಬೆಟ್ಟದ ಸರ್ವೆ ನಕ್ಷೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಮೋನ್ನತಿ ರೇಖೆಗಳು ಒತ್ತಾಗಿದ್ದ ಕಡೆ ಬೆಟ್ಟ ಕಡಿದು. ವಿರಳವಾದ ಕಡೆ ಇಳಿಜಾರು ಮೆಲ್ಲನೆ. ಕಾರ್ನಿಯದ ಬಳೆಗಳನ್ನು ಓದುವ ಕ್ರಮವೂ ಇದೇ ಬಗೆಯದು. ಗುಲ್‌ಸ್ಟ್ರಾಂಡನ ಕಾಲದಲ್ಲಿ ಒಂದು ಚಿತ್ರದ ಲೆಕ್ಕಕ್ಕೆ ಗಂಟೆಗಟ್ಟಲೆ ಶ್ರಮ ಬೇಕಾಗುತ್ತಿತ್ತು. ೧೯೮೦ರ ದಶಕದಿಂದೀಚೆಗೆ ಗಣಕಯಂತ್ರ ಬಂದ ಮೇಲೆ ಸಾವಿರಾರು ಬಿಂದುಗಳ ಬಾಗು ಕ್ಷಣದಲ್ಲಿ ಸಿದ್ಧವಾಗಿ, ಬಾಗು ಹೆಚ್ಚಾದ ಕಡೆ ಕೆಂಪು, ಕಡಮೆಯಾದ ಕಡೆ ನೀಲಿ ಎಂದು ಬಣ್ಣದ ನಕ್ಷೆಯಾಗಿ ಬರುತ್ತದೆ. ಇದಕ್ಕೆ ಕಾರ್ನಿಯದ ಟೋಪೋಗ್ರಫಿ ಎಂದು ಹೆಸರು. ಭೂಗೋಳದ ಮಾತನ್ನೇ ವೈದ್ಯರು ಎರವಲು ಪಡೆದಿದ್ದಾರೆ!

ಇನ್ನು ದಪ್ಪದ ಮಾತು. ಆಕಾರವನ್ನು ಪ್ರತಿಫಲನದಿಂದ ಅಳೆಯಬಹುದು. ಆದರೆ ದಪ್ಪವನ್ನು ತಿಳಿಯಬೇಕಾದರೆ ಮುಂಮೈಯ ಜೊತೆಗೆ ಹಿಂಮೈಯೂ ಕಾಣಬೇಕು. ಬದುಕಿರುವ ಕಣ್ಣಿನಲ್ಲಿ ಇದನ್ನು ಬೆಳಕಿನಿಂದ ಮೊದಲು ಸರಿಯಾಗಿ ಸಾಧಿಸಿದವನು ಸ್ವೀಡನ್ನಿನ ಮ್ಯಾಗ್ನಸ್ ಬ್ಲಿಕ್ಸ್, ವರ್ಷ ೧೮೮೦. ಬಿಸಿಲು ಕೋಣೆಯ ಬಾಗಿಲ ಸಂದಿಯಿಂದ ಒಳಗೆ ಬಿದ್ದಾಗ ಧೂಳಿನ ಕಣಗಳ ನಡುವೆ ಬೆಳಕಿನ ಹಾಳೆಯೊಂದು ತೋರುವುದಷ್ಟೆ? ಗುಲ್‌ಸ್ಟ್ರಾಂಡನ ಸ್ಲಿಟ್ ಲ್ಯಾಂಪು ಕಣ್ಣಿನೊಳಕ್ಕೆ ಅಂತಹದೇ ತೆಳುವಾದ ಬೆಳಕಿನ ಹಾಳೆಯನ್ನು ಓರೆಯಾಗಿ ಹಾಯಿಸುತ್ತದೆ. ಪಕ್ಕದಿಂದ ನೋಡಿದರೆ ಕಾರ್ನಿಯದ ಕೊಯ್ದ ಅಂಚು ಬೆಳಗುವ ಪಟ್ಟಿಯಾಗಿ ಕಾಣುತ್ತದೆ. ೧೯೫೨ರಲ್ಲಿ ಯೇಗರ್ ಎಂಬಾತನು ಈ ದೀಪಕ್ಕೆ ಎರಡು ಗಾಜಿನ ಬಿಲ್ಲೆಗಳನ್ನು ಜೋಡಿಸುವ ಕ್ರಮ ತಂದನು. ಒಂದು ಬಿಲ್ಲೆ ಸ್ಥಿರ, ಇನ್ನೊಂದನ್ನು ತಿರುಗಿಸಬಹುದು. ತಿರುಗಿಸಿದಾಗ ಪಟ್ಟಿಯ ಬಿಂಬ ಎರಡು ತುಂಡಾಗಿ, ಒಂದು ಪಕ್ಕಕ್ಕೆ ಸರಿಯುತ್ತದೆ. ಒಂದು ತುಂಡಿನ ಹಿಂದಣ ಅಂಚು ಇನ್ನೊಂದರ ಮುಂದಣ ಅಂಚಿಗೆ ಕೂಡಿದಾಗ ನಿಲ್ಲಿಸಿ ಅಂಕಿ ಓದಿಕೊಳ್ಳಬೇಕು. ರಾಮ್ಸ್‌ಡೆನ್ನನ ಹಳೆಯ ಉಪಾಯವೇ ಇಲ್ಲಿ ದಪ್ಪಕ್ಕೆ ಅನ್ವಯವಾಗಿದೆಯೆಂಬುದನ್ನು ವಾಚಕರು ಗಮನಿಸಿರಬಹುದು. ಆದರೆ ಒಂದು ಎಚ್ಚರಿಕೆ ಬೇಕು. ತಿಳಿನೀರಿನ ಬಾವಿಯ ತಳ ಇರುವುದಕ್ಕಿಂತ ಮೇಲೆ ಕಾಣುವಂತೆ, ಕಾರ್ನಿಯದ ಹಿಂಮೈಯೂ ವಕ್ರೀಭವನದಿಂದ ಇರುವುದಕ್ಕಿಂತ ಹತ್ತಿರ ಕಾಣುತ್ತದೆ. ಆದುದರಿಂದ ಕಂಡ ದಪ್ಪದಿಂದ ನಿಜವಾದ ದಪ್ಪವನ್ನು ಲೆಕ್ಕ ಹಾಕಿ ತೆಗೆಯಬೇಕು.

ಬೆಳಕಿನ ಬದಲು ಕಿವಿಗೆ ಕೇಳಿಸದ ಶಬ್ದದಿಂದಲೂ ದಪ್ಪವನ್ನು ಅಳೆಯುವುದುಂಟು. ಕಾರ್ನಿಯದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧೬೪೦ ಮೀಟರು ಎಂದು ಹಿಡಿಯುತ್ತಾರೆ. ಹಿಂಮೈಗೆ ಬಡಿದು ಮರಳುವ ಪ್ರತಿಧ್ವನಿಗೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ ಕಾಲ ಸಾಕು. ಈ ಯಂತ್ರವನ್ನು ಪೆನ್ನಿನಂತೆ ಕೈಯಲ್ಲಿ ಹಿಡಿಯಬಹುದಾದರೂ, ಮರವಿನ ಹನಿ ಹಾಕಿ ಕಣ್ಣನ್ನು ಮುಟ್ಟಬೇಕಾಗುತ್ತದೆ. ಅಲ್ಲದೆ ಮುಟ್ಟಿದ ಒಂದು ಜಾಗದ ದಪ್ಪವನ್ನಷ್ಟೇ ಅದು ಹೇಳುತ್ತದೆ.

ನನ್ನ ತಮ್ಮ ಕಂಡ ತಿರುಗುವ ನೀಲಿ ಗೆರೆಯ ಮೂಲ ಆಕಾಶದಲ್ಲಿದೆ. ಆಸ್ಟ್ರಿಯದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ ಮೇಲಿನಿಂದ ತೆಗೆದ ಓರೆ ಚಿತ್ರಗಳಿಂದ ನೆಲದ ನಕ್ಷೆ ಬರೆಯಲು ಶ್ರಮಿಸಿದವನು. ನಾವು ರಸ್ತೆಯೊಂದರ ಚಿತ್ರ ತೆಗೆದರೆ ಹತ್ತಿರದ ಗಾಡಿ ಸ್ಪಷ್ಟವಾಗಿ, ದೂರದ ಮರ ಮಸಕಾಗಿ ಬರಬಹುದು. ಮಸೂರವನ್ನು ಓರೆಮಾಡಿ, ವಸ್ತುವಿನ ತಲ, ಮಸೂರದ ತಲ, ಚಿತ್ರದ ತಲ ಈ ಮೂರನ್ನೂ ಮುಂದುವರಿಸಿದಾಗ ಒಂದೇ ಗೆರೆಯಲ್ಲಿ ಕೂಡುವಂತೆ ಮಾಡಿದರೆ ಆ ರಸ್ತೆಯೆಲ್ಲ ಒಂದೇ ಸಮನೆ ಸ್ಪಷ್ಟವಾಗುತ್ತದೆ. ೧೯೦೪ರಲ್ಲಿ ಆತ ಇದಕ್ಕೆ ಪೇಟೆಂಟು ಪಡೆದನು. ಕಣ್ಣಿನೊಳಗಿನ ಬೆಳಕಿನ ಹಾಳೆಯನ್ನೂ ಓರೆಯಾಗಿಯೇ ನೋಡಬೇಕಾದುದರಿಂದ ಈ ನಿಯಮ ಅಲ್ಲಿಗೂ ಒಗ್ಗಿತು. ಇಂದಿನ ಯಂತ್ರದಲ್ಲಿ ಬೆಳಕಿನ ಸೀಳೂ ಕ್ಯಾಮೆರಾವೂ ಒಟ್ಟಿಗೆ ಸುತ್ತುತ್ತ ಎರಡು ಸೆಕೆಂಡುಗಳೊಳಗೆ ೨೫ ಅಥವಾ ೫೦ ಕೊಯ್ತದ ಚಿತ್ರಗಳನ್ನು ತೆಗೆಯುತ್ತವೆ. ಕಲ್ಲಂಗಡಿಯನ್ನು ಸುತ್ತಲೂ ಹೋಳು ಮಾಡಿ ನೋಡಿ ಮತ್ತೆ ಜೋಡಿಸಿದಂತೆ, ಮುಂಮೈಯ ಆಕಾರ, ಹಿಂಮೈಯ ಆಕಾರ, ಎಲ್ಲ ಕಡೆಯ ದಪ್ಪ ಇವು ಮೂರೂ ಒಟ್ಟಿಗೆ ದೊರೆಯುತ್ತವೆ. ಕೆರಟೋಕೋನಸ್ಸಿನ ಸುಳಿವು ಹಲವು ವೇಳೆ ಮೊದಲು ಹಿಂಮೈಯಲ್ಲಿ ಕಾಣುವುದರಿಂದ ಇದರ ಬೆಲೆ ಹೆಚ್ಚು.

ಇನ್ನೂ ಸೂಕ್ಷ್ಮವಾದುದು ಓಸಿಟಿ ಎಂಬ ಯಂತ್ರ. ೧೯೯೧ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇದು ಬೆಳಕಿನ ಪ್ರತಿಧ್ವನಿಯನ್ನು ಅಳೆಯುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು. ಅರ್ಧ ಮಿಲಿಮೀಟರನ್ನು ದಾಟಿ ಬರುವ ಅದರ ಕಾಲವನ್ನು ನೇರವಾಗಿ ಎಣಿಸುವ ಗಡಿಯಾರ ಸಾಧ್ಯವಿಲ್ಲ. ಆದಕಾರಣ ಬೆಳಕನ್ನು ಎರಡು ಪಾಲು ಮಾಡಿ, ಒಂದನ್ನು ಗೊತ್ತಾದ ದೂರದ ಕನ್ನಡಿಗೂ ಇನ್ನೊಂದನ್ನು ಕಣ್ಣಿಗೂ ಕಳುಹಿಸುತ್ತಾರೆ. ಎರಡೂ ನಡೆದ ದಾರಿ ಸಮವಾದಾಗ ಮಾತ್ರ ಅಲೆಗಳು ಕೂಡಿ ಗುರುತು ಕೊಡುತ್ತವೆ. ಹೀಗೆ ಕಾರ್ನಿಯದ ಪದರ ಪದರವನ್ನೂ ಬೇರೆಬೇರೆಯಾಗಿ ಅಳೆಯಬಹುದು.

ಇಷ್ಟು ಹೊತ್ತು ಓದಿದ ಮೇಲೆ, ಅರ್ಧ ಮಿಲಿಮೀಟರಿಗೆ ಇಷ್ಟೆಲ್ಲ ಸಾಹಸವೇ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಅದರ ಪ್ರಯೋಜನಗಳಲ್ಲಿ ಮೂರನ್ನು ಹೇಳುತ್ತೇನೆ. ಮೊದಲನೆಯದು ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡವನ್ನು ಅಳೆಯಲು ಕಾರ್ನಿಯವನ್ನು ಮೆಲ್ಲಗೆ ಒತ್ತಿ ಚಪ್ಪಟೆ ಮಾಡುತ್ತಾರೆ. ೧೯೫೦ರ ದಶಕದಲ್ಲಿ ಗೋಲ್ಡ್‌ಮನ್ ಆ ಯಂತ್ರವನ್ನು ರೂಪಿಸಿದಾಗ ದಪ್ಪ ಸುಮಾರು ೫೨೦ ಮೈಕ್ರಾನು ಎಂದಿಟ್ಟುಕೊಂಡಿದ್ದನು. ಕಾರ್ನಿಯ ತೆಳುವಾಗಿದ್ದವರಲ್ಲಿ ಅದು ಸುಲಭವಾಗಿ ಬಗ್ಗುವುದರಿಂದ ಒತ್ತಡ ಇರುವುದಕ್ಕಿಂತ ಕಡಮೆಯೆಂದು ತೋರಬಹುದು. ಸದ್ದಿಲ್ಲದೆ ನೋಟ ಕದಿಯುವ ರೋಗ ಹಾಗೆಯೇ ತಪ್ಪಿಸಿಕೊಳ್ಳಬಹುದು. ಎರಡನೆಯದು, ಕನ್ನಡಕ ಬಿಡಿಸುವ ಲೇಸಿಕ್ ಚಿಕಿತ್ಸೆ. ಅದರಲ್ಲಿ ಕಾರ್ನಿಯವನ್ನು ಕೆತ್ತಿ ತೆಳು ಮಾಡುತ್ತಾರೆ. ಕೆತ್ತಿದ ಮೇಲೆ ತಳದಲ್ಲಿ ಕನಿಷ್ಠ ೨೫೦ ಮೈಕ್ರಾನಾದರೂ ಉಳಿಯಬೇಕೆಂಬುದು ರೂಢಿಯ ನಿಯಮ. ಅಳೆಯದೆ ಕೆತ್ತಿದರೆ ಒಳ್ಳೆಯ ಕಣ್ಣೂ ಉಬ್ಬತೊಡಗಬಹುದು.

ಮೂರನೆಯದೇ ನಮ್ಮ ಮನೆಗೆ ಬಂದದ್ದು. ಕೆರಟೋಕೋನಸ್ ಬೆಳೆಯುವುದನ್ನು ತಡೆಯಲು ಜರ್ಮನಿಯ ಡ್ರೆಸ್ಡೆನ್ನಿನ ವೈದ್ಯರು ಒಂದು ಮಾರ್ಗ ಕಂಡುಹಿಡಿದು, ೨೦೦೩ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕಾರ್ನಿಯದ ಮೇಲ್ಪೊರೆಯನ್ನು ತೆಗೆದು, ಬಿ೨ ಜೀವಸತ್ತ್ವದ ಹಳದಿ ಹನಿಗಳನ್ನು ಹೀರಿಸಿ, ಅತಿನೇರಳೆ ಬೆಳಕನ್ನು ಬಿಡುತ್ತಾರೆ. ಮೂಲ ಪದ್ಧತಿಯಲ್ಲಿ ಅರ್ಧ ಗಂಟೆಯ ಕಾಲ. ಆಗ ಒಳಗಿನ ಎಳೆಗಳ ನಡುವೆ ಹೊಸ ಕೊಂಡಿಗಳು ಬೆಸೆದು ಗಾಜು ಗಟ್ಟಿಯಾಗುತ್ತದೆ. ಆದರೆ ಒಂದು ಕಟ್ಟುಪಾಡಿದೆ. ಮೇಲ್ಪೊರೆ ತೆಗೆದ ಮೇಲೂ ೪೦೦ ಮೈಕ್ರಾನು ದಪ್ಪವಿರಬೇಕು. ಇಲ್ಲವಾದರೆ ಆ ಬೆಳಕು ಒಳಸಾಲಿನ ನೀರೆತ್ತುವ ಕೋಶಗಳನ್ನು ತಲಪಿ ಅವಕ್ಕೆ ಹಾನಿ ಮಾಡಬಹುದು. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ತಮ್ಮನ ಎಡಗಣ್ಣಿನಲ್ಲಿ ಅತ್ಯಂತ ತೆಳುವಾದ ಜಾಗ ೫೦೫ ಮೈಕ್ರಾನು ಇತ್ತು. ಬಲಗಣ್ಣಿನಲ್ಲಿ ೪೬೨. ಮೇಲ್ಪೊರೆಗೆ ಸುಮಾರು ೫೦ ಕಳೆದರೆ ಉಳಿಯುವುದು ೪೧೨. ಗೆರೆಗಿಂತ ಹನ್ನೆರಡು ಮೈಕ್ರಾನು ಮೇಲೆ. "ಇನ್ನೂ ಒಂದು ಕನ್ನಡಕ ಬದಲಾಯಿಸಿ ಕಾದಿದ್ರೆ ಈ ಜಾಗ ಇರ್ತಾ ಇರಲಿಲ್ಲ. ಈಗಲೇ ಮಾಡಿಸೋಣ" ಎಂದರು ವೈದ್ಯೆ. ಅಪ್ಪ ಅದೇ ವಾರ ಚೀಟಿ ಎತ್ತಿದರು. ಚಿಕಿತ್ಸೆಯಾಯಿತು. ವರ್ಷವಾದ ಮೇಲೆ ತೆಗೆದ ನಕ್ಷೆಯನ್ನು ಮೊದಲಿನದರ ಪಕ್ಕದಲ್ಲಿ ಇಟ್ಟು ತೋರಿಸಿದರು. ಕೆಂಪು ಕಲೆ ಬೆಳೆದಿರಲಿಲ್ಲ. ಹೋದ ನೋಟವನ್ನು ಈ ಚಿಕಿತ್ಸೆ ಪೂರ್ತಿಯಾಗಿ ಮರಳಿಸುವುದಿಲ್ಲ. ಆದುದರಿಂದ ಬಲಗಣ್ಣಿಗೆ ಗಟ್ಟಿಯಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಅವನು ಈಗ ಎರಡನೆಯ ಪಿ.ಯು.ಸಿ. ಓದುತ್ತಿದ್ದಾನೆ. ಹನ್ನೆರಡು ಮೈಕ್ರಾನೆಂದರೆ ನೋಟ್ ಪುಸ್ತಕದ ಒಂದು ಹಾಳೆಯ ದಪ್ಪದಲ್ಲಿ ಎಂಟನೆಯ ಒಂದು ಪಾಲೂ ಅಲ್ಲ. ಅಷ್ಟನ್ನು ಅಳೆಯಬಲ್ಲ ಯಂತ್ರವಿದ್ದುದರಿಂದ ಆ ನಿರ್ಧಾರ ಸಾಧ್ಯವಾಯಿತು.

ಅಳತೆ ಮೀರಿ ಹಾಳಾದ ಕಾರ್ನಿಯಕ್ಕೆ ಉಳಿಯುವ ದಾರಿ ಮತ್ತೊಬ್ಬರ ಕಾರ್ನಿಯ. ೧೯೦೫ರಲ್ಲಿ ಎಡುವರ್ಡ್ ಜಿರ್ಮ್ ಎಂಬ ವೈದ್ಯನು ಮೊತ್ತಮೊದಲು ಮನುಷ್ಯನ ಕಾರ್ನಿಯವನ್ನು ಮತ್ತೊಬ್ಬನಿಗೆ ಯಶಸ್ವಿಯಾಗಿ ಜೋಡಿಸಿದನು. ಕಣ್ಣಿನ ವೈದ್ಯಕ್ಕೆ ನಮ್ಮ ನಾಡಿನಲ್ಲಿಯೂ ಹಳೆಯ ಪರಂಪರೆಯಿದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಆರಂಭ ೧೮೯೬ರಷ್ಟು ಹಿಂದಿನದು. ನೇತ್ರದಾನವೆಂದರೆ ಕನ್ನಡಿಗರಿಗೆ ಡಾ. ರಾಜಕುಮಾರ್ ನೆನಪಾಗುತ್ತಾರೆ. ಅವರ ಹೆಸರಿನ ನೇತ್ರ ಬ್ಯಾಂಕು ನಾರಾಯಣ ನೇತ್ರಾಲಯದಲ್ಲಿ ೧೯೯೪ರಲ್ಲಿ ಆರಂಭವಾಯಿತು. ೨೦೦೬ರಲ್ಲಿ ಅವರು ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ೨೦೨೧ರ ಅಕ್ಟೋಬರ್ ೨೯ರಂದು ಅವರ ಕಿರಿಯ ಮಗ ಪುನೀತ್ ರಾಜಕುಮಾರ್ ಅಕಾಲದಲ್ಲಿ ತೀರಿಕೊಂಡಾಗ ನಾಡೆಲ್ಲ ಅತ್ತಿತು. ಅವರ ಎರಡು ಕಣ್ಣುಗಳಿಂದ ನಾಲ್ವರು ತರುಣರಿಗೆ ನೋಟ ಬಂದಿತು. ಎರಡು ನಾಲ್ಕಾದುದು ಹೇಗೆ? ಡಾ. ಭುಜಂಗ ಶೆಟ್ಟಿಯವರ ಮುಂದಾಳುತನದಲ್ಲಿ ವೈದ್ಯರು ಪ್ರತಿಯೊಂದು ಕಾರ್ನಿಯವನ್ನೂ ದಪ್ಪದಲ್ಲಿ ಎರಡಾಗಿ ಬಿಡಿಸಿದರು. ಮುಂಭಾಗ ಕೆಟ್ಟಿದ್ದ ಇಬ್ಬರಿಗೆ ಮುಂಪದರ, ಒಳಭಾಗ ಕೆಟ್ಟಿದ್ದ ಇಬ್ಬರಿಗೆ ಒಳಪದರ. ಅರ್ಧ ಮಿಲಿಮೀಟರನ್ನು ಸೀಳಿ ಇಬ್ಬರಿಗೆ ಹಂಚಬೇಕಾದರೆ ಪದರಗಳನ್ನೂ ದಪ್ಪವನ್ನೂ ಮೈಕ್ರಾನುಗಳಲ್ಲಿ ಅರಿತಿರಬೇಕು. ಅಳತೆಯ ವಿದ್ಯೆ ದಾನವನ್ನೂ ಇಮ್ಮಡಿ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಮ್ಮ ಕಾಲೇಜಿನಲ್ಲಿ ಓದುವವರಲ್ಲಿ ಬಹುಮಂದಿ ಮನೆಗೆ ಮೊದಲ ಪದವೀಧರರಾಗುವವರು. ಆಸ್ಪತ್ರೆಯ ಚೀಟಿಯನ್ನು ಓದಿ ಮನೆಯವರಿಗೆ ತಿಳಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ಆದುದರಿಂದ ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ತಮ್ಮನೋ ತಂಗಿಯೋ ಕನ್ನಡಕದ ನಂಬರನ್ನು, ಅದರಲ್ಲಿಯೂ ಸಿಲಿಂಡರನ್ನು, ಮೇಲಿಂದ ಮೇಲೆ ಬದಲಾಯಿಸಬೇಕಾಗಿ ಬಂದರೆ, ಕಾರ್ನಿಯದ ನಕ್ಷೆ ತೆಗೆಸಬೇಕೇ ಎಂದು ಕಣ್ಣಿನ ವೈದ್ಯರನ್ನು ಕೇಳಿರಿ. ತುರಿಕೆಯೆಂದು ಕಣ್ಣನ್ನು ಉಜ್ಜುವ ಅಭ್ಯಾಸವಿದ್ದರೆ ಬಿಡಿಸಿರಿ. ಕೆರಟೋಕೋನಸ್ಸಿಗೂ ಆ ಅಭ್ಯಾಸಕ್ಕೂ ನಂಟಿದೆಯೆಂದು ವೈದ್ಯರು ಹೇಳುತ್ತಾರೆ. ಮನೆಯಲ್ಲಿ ಸಾವು ಸಂಭವಿಸಿದಾಗ, ದುಃಖದ ನಡುವೆಯೂ ಆರು ಗಂಟೆಗಳೊಳಗಾಗಿ ನೇತ್ರ ಬ್ಯಾಂಕಿಗೆ ತಿಳಿಸುವಷ್ಟು ಧೈರ್ಯವನ್ನು ನಾವು ಓದಿದವರು ತೋರಬೇಕು. ಕೊಡುವವರಿಗೆ ಅದು ಅರ್ಧ ಮಿಲಿಮೀಟರಿನ ಗಾಜು. ಪಡೆಯುವವರಿಗೆ ಇಡೀ ಜಗತ್ತು.